ಗಾಂಜಾ ಮುಟ್ಟದ ಮನೆತನ

ಬಿಸಿಲೇ ಕೆಟ್ಟು ವಿಷವಾದ ಮೇಲೆ ಎಲ್ಲರ ಕಣ್ಣೂ ಊದಿಕೊಂಡು ದೃಷ್ಟಿ ಮಂಜಾಗುತ್ತಿತ್ತು. ಗಾಂಜಾದಿಂದ ತೆಗೆದ ಹನಿ ಬಿಟ್ಟುಕೊಂಡರೆ ಊತ ಇಳಿಯುತ್ತಿತ್ತು. ಕಣ್ಣೊಳಗೆ ಔಷಧವನ್ನು ಹಿಡಿದುಕೊಳ್ಳುವ ಗ್ರಾಹಕ ಅಣುಗಳಿಗಷ್ಟೇ ಅಂಟಿ ಉರಿ ಆರಿಸುವ ಆ ಹನಿಗೆ ಅಮಲೇ ಇರಲಿಲ್ಲ. ಆದರೂ ವಾರಿಜಾಳನ್ನು ನೋಡಲು ಬಂದ ಗಂಡಿನ ತಾಯಿ ಸೀತಾಲಕ್ಷ್ಮಮ್ಮ ಕೆಂಡದಂಥ ಕಣ್ಣು ಒರೆಸಿಕೊಳ್ಳುತ್ತಾ, "ನಮ್ಮ ಮನೆತನದಲ್ಲಿ ಗಾಂಜಾ ಯಾರೂ ಮುಟ್ಟಿಲ್ಲ" ಎಂದು ಬೀಗಿದರು. ಮಗನೂ ಗೀಜುಗಣ್ಣು ಉಜ್ಜಿಕೊಂಡು ಹೌದೌದು ಎಂದ.

ಘನಂದಾರಿ ಮಡಿ ಎಂದುಕೊಳ್ಳುತ್ತಾ ವಾರಿಜಾ ಕಾಫಿ ತಂದಳು. ಸೀತಾಲಕ್ಷ್ಮಮ್ಮ ತಡಕಾಡಿ, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ವಾರಿಜಾಳ ಅಜ್ಜಿಯ ಗಲ್ಲ ಹಿಡಿದು, "ಹುಡುಗಿ ಲಕ್ಷಣವಾಗಿದ್ದಾಳೆ, ನಮಗೆ ಒಪ್ಪಿಗೆ" ಎಂದರು. ಮಗ ಅಜ್ಜಿಯನ್ನೇ ನೋಡಿ ನಾಚಿಕೊಂಡ.

"ಅಜ್ಜೀ, ಬೇಕಾದರೆ ನೀನೇ ಒಪ್ಕೋ" ಎಂದಳು ವಾರಿಜಾ, "ನನಗಂತೂ ಕಣ್ಣು ಕಾಣುತ್ತೆ."