ತೊಳೆದ ಪಿಂಗಾಣಿ

ಕೆಂಪು ಸಾಬೂನಿನ ವಾಸನೆ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನಾನು ಜೆಪ್ಪು ಎಂಬ ಊರಿನ ನಮ್ಮ ಮನೆಯ ಬಾವಿಕಟ್ಟೆಯ ಬಳಿ ಕುಕ್ಕರುಗಾಲಿನಲ್ಲಿ ಕೂತಿರುತ್ತೇನೆ.

ನನಗಾಗ ಎಂಟು ವರ್ಷ. ಬೆಳಗ್ಗಿನಿಂದ ಕರೆಂಟು ಇರಲಿಲ್ಲ. ಮಧ್ಯಾಹ್ನ ಬಂದ ಲೈನ್‌ಮ್ಯಾನ್ ನಮ್ಮ ಅಂಗಳದ ಕಂಬ ಹತ್ತಿ, ತಂತಿಯನ್ನು ಹಿಡಿದಿಡುವ ಪಿಂಗಾಣಿಯ ಇನ್ಸುಲೇಟರನ್ನು ಬದಲಿಸಿದ. ಕೆಳಗಿಳಿದು, ಬಿರುಕುಬಿಟ್ಟ ಹಳೆಯದನ್ನು ನನ್ನ ಕೈಗಿಟ್ಟ. ಕಂದು ಬಣ್ಣ, ಕೊಡೆಯಂಥ ಮಡಿಕೆಗಳು, ಬಿಸಿಲಿಗೆ ಕಾದ ನುಣುಪು.

"ಇದು ಉಂಟಲ್ಲ ಮಗಾ, ಕರೆಂಟನ್ನು ಕಂಬಕ್ಕೆ ಇಳಿಯಲಿಕ್ಕೆ ಬಿಡುವುದಿಲ್ಲ," ಎಂದ.

ಚಾವಡಿಯಲ್ಲಿ ಕೂತಿದ್ದ ಅಜ್ಜಿ ಅವನ ಊರು ಕೇಳಿದರು, ತಂದೆಯ ಹೆಸರು ಕೇಳಿದರು. ಅವನು ಹೇಳಿದ. ಅವನಿಗೆಂದು ತರಿಸಿದ್ದ ಬೆಲ್ಲ, ನೀರಿನ ಚೊಂಬು ಎರಡನ್ನೂ ಅಜ್ಜಿ ಒಳಗೆ ಕಳಿಸಿಬಿಟ್ಟರು. ಆಮೇಲೆ ನನ್ನತ್ತ ತಿರುಗಿದರು. "ಅದನ್ನು ಹಾಗೇ ಒಳಗೆ ತರಬೇಡ. ಸಾಬೂನು ಹಾಕಿ ತೊಳೆ. ಕೈಯನ್ನೂ ತೊಳೆ."

ನಾನು ಅವನ ಎದುರೇ ತೊಳೆದೆ. ಹೇಳಿದ ಮಾತು ಕೇಳುವ ಹುಡುಗಿ ನಾನು. ಮಡಿಕೆಗಳ ಒಳಗೆಲ್ಲ ಬೆರಳು ಹಾಕಿ ಉಜ್ಜಿದೆ.

ಹಗ್ಗ ಸುತ್ತುತ್ತಿದ್ದ ಅವನು ಸ್ವಲ್ಪ ಹೊತ್ತು ನೋಡಿದ. "ತೊಳೆಯುವುದು ಒಳ್ಳೆಯದೇ ಮಗಾ. ಕಡಲಿನ ಗಾಳಿಯ ಉಪ್ಪು ಕೂತರೆ ಕರೆಂಟು ಅದರ ಮೇಲಿಂದಲೇ ಹರಿಯುತ್ತದೆ," ಎಂದ. ನೀರು ಕೇಳದೆ ಹೊರಟುಹೋದ.

ಸಂಜೆ ಚಾವಡಿಯ ಬಲ್ಬು ಹೊತ್ತಿತು. ಅಜ್ಜಿ ಎದ್ದು ನಿಂತು ಅದಕ್ಕೆ ಕೈಮುಗಿದರು.

"ದೀಪ ಬಂತು, ನೀನೂ ಕೈಮುಗಿ ಮಗಾ."

ಮುಗಿದೆ. ಎರಡು ಕೈಯಿಂದಲೂ ಸಾಬೂನಿನ ವಾಸನೆ ಬರುತ್ತಿತ್ತು.