ಒಬ್ಬ ಕೂರುವಷ್ಟು ಜಾಗ

ಬಂಡೆ ಮತ್ತೆ ಒಡೆದಿತ್ತು. ಈ ಸಲವೂ ಅದೇ ಜಾಗದಲ್ಲಿ.

ಮಾದರಿಗಾರ ನೆಲದ ಮೇಲಿದ್ದ ಪ್ಲಾಸ್ಟರ್ ತುಂಡನ್ನು ಎತ್ತಿ ಅಂಚು ನೋಡಿದ. ತಾನಾಗಿ ಬಿದ್ದಿದ್ದರೆ ಅಕ್ಕಪಕ್ಕವೂ ಬಿರುಕು ಬಿಡಬೇಕಿತ್ತು. ಇದನ್ನು ಯಾರೋ ಒಂದೇ ಏಟಿಗೆ ಹಾರಿಸಿದ್ದರು. ಅವನು ಅಡುಗೆಮನೆಯ ಕಡೆ ತಿರುಗಿದ. ಹೆಂಡತಿ ಬೆನ್ನು ಹಾಕಿ ನಿಂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನೀನೇ ತಾನೆ?"

"ಹೂಂ."

ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜಗಳವಾದರೂ ಹೇಗೆ ಆಡುವುದು?

ಅವನ ಮಗ ಬೆಟ್ಟ ಹತ್ತಲು ಹೋಗಿ ಕಾಣೆಯಾಗಿದ್ದ. ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆ ಅದು. ಮೇಲೆ ಹುಡುಗನ ಹಗ್ಗದ ತುಂಡು ಸಿಕ್ಕಿತ್ತು. ಕೆಳಗೆ ರಭಸದ ಹೊಳೆ, ಅಲ್ಲಿ ಏನೂ ಸಿಕ್ಕಿರಲಿಲ್ಲ. ನಡುವೆ ಬರೀ ಮಂಜು. ಹುಡುಕಲು ಇಳಿದವರಲ್ಲಿ ಒಬ್ಬ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ ಮೇಲೆ ತಂಡದ ಮುಖ್ಯಸ್ಥ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಆ ಮಂಜಿನ ಹಿಂದೆ ಒಬ್ಬ ಮನುಷ್ಯ ಇರೋಕೆ ಜಾಗ ಇದೆ ಅಂತ ತೋರಿಸಿ. ನನ್ನ ಹುಡುಗರನ್ನ ಇನ್ನೊಂದು ಸಲ ಇಳಿಸ್ತೀನಿ. ಇಲ್ಲ ಅಂದ್ರೆ ಇಲ್ಲ."

ತೋರಿಸುವುದು ಮಾದರಿಗಾರನಿಗೆ ಹೊಸತಲ್ಲ. ಪುಟ್ಟ ಪುಟ್ಟ ಬೆಟ್ಟ ಮಾಡುವುದೇ ಅವನ ಹೊಟ್ಟೆಪಾಡು. ಆಟಿಕೆ ರೈಲು ಓಡುವ ಬೆಟ್ಟ, ವಸ್ತುಸಂಗ್ರಹಾಲಯದ ಬೆಟ್ಟ, ಅಂಗಡಿಯ ಗಾಜಿನ ಹಿಂದಿನ ಬೆಟ್ಟ. ಬಟ್ಟೆ ನೆನೆಸುವ ಬಕೆಟ್ಟಿನಲ್ಲಿ ಬೆಟ್ಟ ಕಲಸುವ ಮಹಾನುಭಾವ ಎಂದು ಬೀದಿಯವರು ನಗುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

ಸಿಕ್ಕ ಫೋಟೊಗಳನ್ನೆಲ್ಲ ಗೋಡೆಗೆ ಅಂಟಿಸಿಕೊಂಡ. ತಂತಿಬಲೆ ಬಗ್ಗಿಸಿದ, ಗೋಂದಿನಲ್ಲಿ ಅದ್ದಿದ ಪೇಪರ್ ಹೊದಿಸಿದ, ಪ್ಲಾಸ್ಟರ್ ಮೆತ್ತಿದ. ನಿಜವಾದ ಕಲ್ಲಿನಿಂದ ತೆಗೆದ ರಬ್ಬರ್ ಅಚ್ಚುಗಳಲ್ಲಿ ಎರಕ ಹೊಯ್ದು, ಒಂದೊಂದೇ ತುಂಡು ಕೂರಿಸಿದ. ತೆಳು ಕಪ್ಪು ಬಣ್ಣ ಬಿಟ್ಟ, ಅದು ಸೀಳುಗಳಿಗೆ ಇಳಿಯಿತು. ಒಣ ಬ್ರಷ್ಷಿನಲ್ಲಿ ಬಿಳಿ ಸವರಿದ, ಅಂಚುಗಳು ಎದ್ದು ನಿಂತವು. ನಡುಭಾಗ ಮಾತ್ರ ಎಲ್ಲ ಫೋಟೊಗಳಲ್ಲೂ ಮಸಕು ನೆರಳು. ಅವನು ಆ ನೆರಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಕೊನೆಗೆ ಅಲ್ಲಿ ಕಟ್ಟೆಯಂತೆ ಮುಂದಕ್ಕೆ ಬಂದ ಒಂದು ಚಾಚು ಮೂಡಿತು. ಒಬ್ಬ ಕಾಲು ಮಡಚಿ ಕೂರುವಷ್ಟು ಅಗಲ. ಮೇಲೆ ಸೂರಿನಂತೆ ಬಾಗಿದ ಕಲ್ಲು. ಪಕ್ಕದಲ್ಲಿ ನೀರು ಜಿನುಗಬಹುದಾದ ಸೀಳು.

"ಇಲ್ಲೇ ಇದಾನೆ ಕಣೇ! ಇಲ್ಲೇ ಕೂತಿದಾನೆ!" ಎಂದು ಕೂಗಿದ. ಅವತ್ತು ಹೊಟ್ಟೆತುಂಬ ಉಂಡ.

ಹೆಂಡತಿ ಬಗ್ಗಿ ನೋಡಿದಳು. ಮುಖ ಸಪ್ಪಗಾಯಿತು. "ಅಲ್ಲಿ ಏನೂ ಇಲ್ಲ ಅನ್ಸುತ್ತೆ ರೀ."

"ನಿನಗೇನು ಗೊತ್ತಾಗುತ್ತೆ?"

ಮರುದಿನವೇ ಚಾಚು ನೆಲದ ಮೇಲಿತ್ತು. ಅವನು ಮತ್ತೆ ಮಾಡಿದ. ಅವಳು ಮತ್ತೆ ಒಡೆದಳು.

ಹುಡುಗನಿಗೆ ಶೂ ಲೇಸು ಕಟ್ಟಲು ಬಾರದ ವಯಸ್ಸಿನಲ್ಲಿ ಅವಳು ಈ ಮನೆಗೆ ಬಂದಿದ್ದಳು. ಅವನು ಚಿಕ್ಕಮ್ಮ ಎಂದ. ಬೀದಿಯೂ ಚಿಕ್ಕಮ್ಮ ಎಂದಿತು. ಈಗ ಮಾದರಿಗಾರನ ಅಕ್ಕ ಬಂದು ಕೂತು, ಅವಳಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು: "ಹೆತ್ತವಳಾಗಿದ್ರೆ ಹೀಗೆ ಮಾಡ್ತಿದ್ಲೇನೋ? ಎಷ್ಟಾದ್ರೂ ಮಲತಾಯಿ. ಅವನು ಸಿಗೋದೇ ಬೇಡ ಇವಳಿಗೆ."

ಚಿಕ್ಕಮ್ಮ ಅತ್ತಿಗೆಗೆ ಚಹಾ ತಂದಿಟ್ಟು ಒಳಗೆ ಹೋದಳು. ಆ ಮಾತು ಚುಚ್ಚಿತ್ತು, ಬಹಳ ಆಳಕ್ಕೆ ಚುಚ್ಚಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನ್ ನಿಂತಿತು. ಮುಖ್ಯಸ್ಥನಿಗೆ ಮಾದರಿಗಾರ ಬೆಳಿಗ್ಗೆಯೇ ಫೋನ್ ಮಾಡಿ ಜಾಗ ಸಿಕ್ಕಿತು, ಬನ್ನಿ ಎಂದಿದ್ದ. ವ್ಯಾನಿನ ತುಂಬ ಹಗ್ಗ, ಕೊಕ್ಕೆ, ಮತ್ತು ಏನೋ ತಮಾಷೆಗೆ ನಗುತ್ತಿದ್ದ ನಾಲ್ಕಾರು ಯುವಕರು.

"ಇವಳು ಒಡೆದುಹಾಕಿದ್ಲು ಸಾರ್," ಮಾದರಿಗಾರ ಮುಖ್ಯಸ್ಥನ ಕೈ ಹಿಡಿದುಕೊಂಡ. "ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಈಗ ಮಾಡಿಬಿಡ್ತೀನಿ. ಹೋಗಿಬಿಡಬೇಡಿ." ಬಕೆಟ್ ಎಳೆದುಕೊಂಡು ಪ್ಲಾಸ್ಟರ್ ಕಲಸತೊಡಗಿದ.

ಮುಖ್ಯಸ್ಥ ಹಲ್ಲು ಕಚ್ಚಿಕೊಂಡು ಮುಂದಿನ ಕೋಣೆಗೆ ಬಂದ. ಚಿಕ್ಕಮ್ಮ ಅಲ್ಲಿ ನಿಂತಿದ್ದಳು.

"ಅವನೂ ಈ ಮನೆ ಹುಡುಗನೇ ಅಲ್ವೇನಮ್ಮಾ? ಯಾಕೆ ಒಡೆದ್ರಿ?"

ಅವಳು ಕಿಟಕಿಯ ಪರದೆ ಸರಿಸಿದಳು. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಗಂಡ ಇಷ್ಟು ವರ್ಷ ಮಾಡಿದ್ದರಲ್ಲಿ ಮನೆಯಲ್ಲೇ ಉಳಿದ ಬೆಟ್ಟಗಳು. ದಿನಾ ಅವುಗಳ ಧೂಳು ಒರೆಸುವವಳು ಅವಳೇ.

"ನೋಡಿ," ಎಂದಳು.

ದೀಪಸ್ತಂಭದ ಕೆಳಗಿನ ಕಡಲ ಬಂಡೆ. ಅದರಲ್ಲಿ ಒಬ್ಬ ಕೂರುವಷ್ಟು ಅಗಲದ ಚಾಚು, ಮೇಲೆ ಬಾಗಿದ ಕಲ್ಲು, ಪಕ್ಕದಲ್ಲಿ ಸೀಳು. ರೈಲು ಸುರಂಗದ ಬೆಟ್ಟ. ಅದರಲ್ಲೂ ಅದೇ ಚಾಚು, ಅದೇ ಸೀಳು. ಮರಳುಗಾಡಿನ ಕೆಂಪು ಕಣಿವೆಯಲ್ಲಿ ಅದು ಓರೆಯಾಗಿತ್ತು. ಹಿಮದ ಶಿಖರದಲ್ಲಿ ತಲೆಕೆಳಗಾಗಿತ್ತು. ಮುಖ್ಯಸ್ಥ ಒಂದೊಂದರ ಮುಂದೆಯೂ ಬಗ್ಗಿದ. ಎಲ್ಲದರಲ್ಲೂ ಚಾಚಿನ ಅದೇ ಮೂಲೆ ಒಂದೇ ರೀತಿ ಚಕ್ಕೆ ಎದ್ದಿತ್ತು.

"ಎಲ್ಲಾ ಒಂದೇ ಅಚ್ಚಿಂದು," ಎಂದಳು. "ಏನಿದೆ ಅಂತ ಕಾಣಿಸದ ಕಡೆ ಅವರ ಕೈ ಇದನ್ನೇ ಇಟ್ಟುಬಿಡುತ್ತೆ. ಇಟ್ಟ ಮೇಲೆ ಫೋಟೊದಲ್ಲೇ ಕಂಡೆ ಅನ್ಕೊಳ್ತಾರೆ. ನಿಮ್ಮ ಹುಡುಗರಿಗೂ ಮನೆಯಲ್ಲಿ ತಾಯಂದಿರು ಇರ್ತಾರಲ್ಲ."

ಮುಖ್ಯಸ್ಥ ಹೊರಗಿನ ವ್ಯಾನ್ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಇದನ್ನ ಅವರಿಗೇ ಹೇಳಬಹುದಿತ್ತಲ್ಲಮ್ಮಾ. ಯಾಕೆ ಸುಮ್ನೆ ಕೆಟ್ಟವಳು ಅನ್ನಿಸ್ಕೊಂಡ್ರಿ?"

ಒಳಗಿನಿಂದ ಮಾದರಿಗಾರನ ದನಿ ಕೇಳುತ್ತಿತ್ತು. ಅವನು ಬಂಡೆಯೊಂದಿಗೆ ಮಾತಾಡುತ್ತಿದ್ದ. "ಇನ್ನೊಂದು ಸ್ವಲ್ಪ ಹೊತ್ತು ತಡ್ಕೊಳ್ಳೋ ಮಗನೇ. ಬಂದುಬಿಟ್ರು ಕಣೋ."

"ಒಡೆದ್ರೆ ಮತ್ತೆ ಮಾಡ್ಕೊಳ್ತಾರೆ. ಹೇಳಿದ್ರೆ," ಎಂದಳು ಚಿಕ್ಕಮ್ಮ, "ನಮ್ಮ ಹುಡುಗ ಅಲ್ಲಿಂದ ಬಿದ್ದುಬಿಡ್ತಾನೆ."