ನೈಸ್ ಅಂದರೇನು

ಗಿರಣಿಯಿಂದ ಆಗಷ್ಟೇ ತಂದ ಜೋಳದ ಹಿಟ್ಟಿನ ಬಿಸಿ ವಾಸನೆ ಬಂದರೆ ಇಂದಿಗೂ ನನಗೆ ಸಂಡೂರಿನ ಅಜ್ಜಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮ ಗಿರಿಜಾಳನ್ನು ನೋಡಲು ಗಂಡಿನವರು ಬಂದು ಹೋಗಿದ್ದರು. ಹುಡುಗ ಗಣಿ ಕಂಪನಿಯಲ್ಲಿ ಆಫೀಸರು. ಅದಿರಿನ ಧೂಳಿನಿಂದ ಕೆಂಪಾದ ಜೀಪಿನಲ್ಲಿ ಬಂದವನು ರವೆ ಉಂಡಿ ಕಚ್ಚಿ ‘ನೈಸ್’ ಎಂದ. ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಚಿಕ್ಕಮ್ಮನನ್ನು ನೋಡಿ ಮತ್ತೆ ‘ನೈಸ್’ ಎಂದ. ಮದುವೆಯಾದ ಮೇಲೆ ಓದು ಬೇಡವೆಂದೂ ಹೇಳಿದ. ಅಜ್ಜ ಖುಷಿಯಿಂದ ಒಪ್ಪಿಬಿಟ್ಟ.

ಅವರು ಹೋದ ಮೇಲೆ ಅಜ್ಜಿ ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯತೊಡಗಿದಳು. ಚಿಕ್ಕಮ್ಮ ಹೊಸ ಸೀರೆಯಲ್ಲೇ ಪಕ್ಕದಲ್ಲಿ ಕುಳಿತಳು. ನಾನು ಬೆಚ್ಚಗಿನ ಹಿಟ್ಟಿನಲ್ಲಿ ಬೆರಳಾಡಿಸುತ್ತಿದ್ದೆ.

“ಹಿಟ್ಟು ನುಣ್ಣಗಿದ್ರ ನಾವು ನೈಸ್ ಅಂತೀವಿ. ಆತ ನಿನಗ್ಯಾಕ ಹಂಗಂದ?” ಎಂದು ಅಜ್ಜಿ ಕೇಳಿದಳು.

“ಇಂಗ್ಲಿಷ್‌ನ್ಯಾಗ ಚಲೋ ಅಂತ ಅರ್ಥ, ಯವ್ವಾ. ಆದ್ರ ಭಾಳ ಹಿಂದ, ಲ್ಯಾಟಿನ್‌ನ್ಯಾಗ ಆ ಮಾತು ಹುಟ್ಟಿದಾಗ, ಏನೂ ತಿಳೀದವ್ರು ಅಂತ ಅರ್ಥ ಇತ್ತಂತ.”

ಅಜ್ಜಿಯ ಜರಡಿ ನಿಂತಿತು. “ಮತ್ತ ಆತ ನಿನಗ ಯಾವ ಅರ್ಥದಾಗ ಅಂದ?”

ಚಿಕ್ಕಮ್ಮ ನಕ್ಕಳು. ನಗುತ್ತಲೇ ಅಜ್ಜಿಯ ಹೆಗಲಿಗೆ ಮುಖ ಒತ್ತಿದಳು. ಅಜ್ಜಿ ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದಳು.

ಬೇಸಿಗೆಯಲ್ಲಿ ಮದುವೆಯಾಯಿತು. ಚಿಕ್ಕಮ್ಮ ತವರಿಗೆ ಬಂದಾಗಲೆಲ್ಲ ನಾನು ಅವಳ ಸೆರಗು ಹಿಡಿದು, ಇನ್ನೊಂದು ಇಂಗ್ಲಿಷ್ ಪದ ಹೇಗೆ ಹುಟ್ಟಿತು ಹೇಳು ಎಂದು ಕಾಡುತ್ತಿದ್ದೆ.

“ಈಗ ಯಾವ್ದೂ ನೆನಪಿಲ್ಲವ್ವ” ಎನ್ನುತ್ತಾ, ನೆಟ್ಟಗೇ ಇದ್ದ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.